ಗೋಡೆಯೊಳಗಿದ್ದ ಒಂದು ಮೊಳ

ತಲಕಾಡಿನ ದಾರಿಯಲ್ಲಿ ಹೊಸದಾಗಿ ಒಂದು ರೆಸಾರ್ಟ್ ಎದ್ದಿದೆ. ಹೋದ ತಿಂಗಳು ನನ್ನ ತಂಗಿಯ ಮಗಳ ನಿಶ್ಚಿತಾರ್ಥ ಅಲ್ಲೇ ಆಯಿತು. ಊಟದ ಹಾಲ್‌ಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಸುತ್ತಲೂ ಹಳೆಯ ಮರದ ಕಂಬಗಳು, ಮೇಲೆ ಹಳೆಯ ತೊಲೆಗಳು. ಕನ್ನಡಿಯ ಹಾಗೆ ಪಾಲಿಶ್ ಹೊಡೆದಿದ್ದರು. ಆದರೂ ಅದರಡಿಯಿಂದ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಯಾರದೋ ಅಜ್ಜಿ, ಮುತ್ತಜ್ಜಿ ಬೇಯಿಸಿದ ಅನ್ನದ ಹೊಗೆ ಅದು. ಹಳೆಯ ಮನೆಯ ಮರವನ್ನು ಎಷ್ಟು ಉಜ್ಜಿದರೂ ಆ ವಾಸನೆ ಬಿಡುವುದಿಲ್ಲ. ಬಾಳಿನ ಒಳ್ಳೆಯ ವಯಸ್ಸನ್ನೆಲ್ಲ ಅಂಥ ಮರಗಳ ನಡುವೆಯೇ ಕಳೆದವಳು ನಾನು, ನನ್ನ ಮೂಗಿಗೆ ಮೋಸ ಮಾಡಲು ಆಗುವುದಿಲ್ಲ.

ಆ ಹಾಲ್ ಕಟ್ಟಿದ ಹುಡುಗನೂ ಊಟಕ್ಕೆ ಬಂದಿದ್ದ, ಮೈಸೂರಿನ ಆರ್ಕಿಟೆಕ್ಟ್. ನಾನು ಕಂಬ ಮುಟ್ಟಿ ನೋಡುತ್ತಿದ್ದುದನ್ನು ಕಂಡು ಹತ್ತಿರ ಬಂದ. "ಇದಕ್ಕೆ ಒಂದೇ ಒಂದು ಹೊಸ ಮರ ಕಡಿಸಿಲ್ಲ ಆಂಟಿ. ಇನ್ನು ಮುಂದೆ ಮನೆಗಳನ್ನ ಬಿಚ್ಚೋಕೆ ಬರೋ ಹಾಗೇ ಕಟ್ಟಬೇಕು. ಒಂದು ಮನೆ ಬಿಚ್ಚಿದ್ದು ಇನ್ನೊಂದು ಮನೆಗೆ ಆಗಬೇಕು. ಸರ್ಕ್ಯುಲರ್ ಎಕಾನಮಿ ಅಂತಾರೆ" ಎಂದ. ಒಳ್ಳೆಯ ಹುಡುಗ, ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬಿಚ್ಚುವವರು ಯಾರಪ್ಪಾ ಎಂದು ಕೇಳಬೇಕೆನಿಸಿತು. ಶುಭಕಾರ್ಯದ ಮನೆಯಲ್ಲಿ ಕೇಳುವ ಮಾತಲ್ಲ ಎಂದು ಸುಮ್ಮನಾದೆ. ಎಲೆಯ ಮುಂದೆ ಕೂತರೂ ಊಟ ಸೇರಲಿಲ್ಲ. ನಮ್ಮ ಆಳು ಮಾದಯ್ಯ ಸತ್ತ ವರ್ಷ ನೆನಪಾಯಿತು.

ತೊಂಬತ್ತರ ದಶಕ ಇನ್ನೇನು ಮುಗಿಯುತ್ತಿದ್ದ ಕಾಲ. ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೊರಡುವ ರಸ್ತೆಯಲ್ಲಿ ನಮ್ಮದು ಹಳೆ ಮನೆ ಸಾಮಾನಿನ ಡಿಪೋ. ನಮ್ಮ ಯಜಮಾನರು ಶಿವಣ್ಣ ಆಳುಗಳನ್ನು ಕರೆದುಕೊಂಡು ಹೋಗಿ ಮನೆ ಇಳಿಸುತ್ತಿದ್ದರು, ಇಳಿಸಿ ತಂದದ್ದನ್ನು ಡಿಪೋದಲ್ಲಿ ಕೂತು ನಾನು ಮಾರುತ್ತಿದ್ದೆ. ಕೆಡವುವುದು ಎಂಬ ಮಾತು ನಮ್ಮಲ್ಲಿ ಇರಲಿಲ್ಲ. ಹೊಸ ಆಳು ಯಾರಾದರೂ ಬಾಯಿ ತಪ್ಪಿ ಹಾಗೆಂದರೆ ನಮ್ಮವರು ರೇಗುತ್ತಿದ್ದರು. "ಕೆಡವೋಕೆ ನಾವೇನು ಕೋತಿಗಳೇನೋ? ಮನೆ ಇಳಿಸ್ತೀವಿ ಅನ್ನು."

ಇಳಿಸುವುದೆಂದರೆ ಕಟ್ಟಿದ್ದರ ತಿರುಗುಮುರುಗು. ಮೊದಲು ಹೆಂಚು. ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ನೆಲಕ್ಕೆ ತರಬೇಕು. ಆಮೇಲೆ ರೀಪು, ಜಂತೆ, ತೊಲೆ, ಕಂಬ, ಬಾಗಿಲು, ಕೊನೆಗೆ ಗೋಡೆ. ಬಾಗಿದ ಮೊಳೆಗಳನ್ನು ಹೆಂಗಸರು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುತ್ತಿದ್ದರು. ಗೋಡೆಯ ಹಳೆ ಮಣ್ಣನ್ನು ರೈತರು ಗಾಡಿ ತಂದು ಹೊಲಕ್ಕೆ ಒಯ್ಯುತ್ತಿದ್ದರು, ಗೊಬ್ಬರಕ್ಕಿಂತ ಮೇಲು ಎಂದು. ಹೀಗೆ ಒಂದು ದೊಡ್ಡ ಮನೆ ಎಂಟು ಹತ್ತು ಸಣ್ಣ ಮನೆಗಳಾಗಿ ಸುತ್ತಲ ಹಳ್ಳಿಗಳಿಗೆ ಹಂಚಿಹೋಗುತ್ತಿತ್ತು. ಪೇಟೆಯವರಿಗೆಲ್ಲ ಆರ್‌ಸಿಸಿ ಮನೆಯ ಹುಚ್ಚು ಹಿಡಿದಿದ್ದ ಕಾಲವಾದ್ದರಿಂದ ನಮಗೆ ಕೈತುಂಬ ಕೆಲಸ.

ಕೊಳ್ಳಲು ಬಂದವರು ಯಾರೇ ಆಗಲಿ, ಮರದ ಜಾತಿ, ಉದ್ದ, ದಪ್ಪ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಒಂದು ಮಾತು ಕೇಳುತ್ತಿದ್ದರು. "ಈ ಮರದಲ್ಲಿ ಕೆಟ್ಟದ್ದೇನೂ ಆಗಿಲ್ಲ ತಾನೇ ಅಮ್ಮ?" ಯಾರಾದರೂ ನೇಣು ಹಾಕಿಕೊಂಡ ತೊಲೆಯೇ, ಹೆರಿಗೆಯಲ್ಲಿ ಹೆಂಗಸು ಸತ್ತ ಕೋಣೆಯ ಬಾಗಿಲೇ ಎಂದು ಅದರ ಅರ್ಥ. ಸಾವು ಕಂಡ ಮರ ಹೊಸ ಮನೆಗೆ ಸೂತಕ ತರುತ್ತದೆ ಎಂಬ ಹೆದರಿಕೆ. ನಾನು ಇಲ್ಲ ಎನ್ನುತ್ತಿದ್ದೆ. ನೂರು ವರ್ಷ ಜನ ಬಾಳಿದ ಮನೆಯಲ್ಲಿ ಯಾರೂ ಸತ್ತಿರುವುದಿಲ್ಲವೇ? ಆದರೆ ಕೇಳುವವರಿಗೂ ಬೇಕಾಗಿದ್ದುದು ಆ ಒಂದು ಇಲ್ಲವೇ.

ಮಾದಯ್ಯ ನಮ್ಮ ಆಳುಗಳಲ್ಲಿ ಹಿರಿಯ. ಮುಡುಕುತೊರೆಯ ಆಚೆಗಿನ ಒಂದು ಸಣ್ಣ ಹಳ್ಳಿಯವನು. ಕೆಲಸವಿದ್ದಾಗ ಡಿಪೋದಲ್ಲೇ ಮಲಗುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ. ಸಾರಿಗೆ ಉಪ್ಪು ಕಡಿಮೆಯಾದರೆ ನನ್ನ ಮೇಲೂ ರೇಗುತ್ತಿದ್ದ. ಕೂಲಿಯಲ್ಲಿ ಸ್ವಲ್ಪವನ್ನು ಅವನು ಸಾಮಾನಿನ ರೂಪದಲ್ಲೇ ಪಡೆಯುತ್ತಿದ್ದ. ಒಂದು ಮನೆಯಿಂದ ಬಾಗಿಲು, ಇನ್ನೊಂದರಿಂದ ಎರಡು ಕಂಬ, ಮತ್ತೊಂದರಿಂದ ಹೆಂಚು. ಹೀಗೆ ವರ್ಷಗಟ್ಟಲೆ ಕೂಡಿಸಿ ತನ್ನ ಗುಡಿಸಲಿನ ಹಿಂದೆ ಗರಿ ಮುಚ್ಚಿ ಇಟ್ಟಿದ್ದ. ಹೆಂಡತಿ ಪುಟ್ಟತಾಯಿ, ಎರಡು ಹೆಣ್ಣುಮಕ್ಕಳು. ಅವರಿಗೆ ಹೆಂಚಿನ ಮನೆ ಕಟ್ಟಬೇಕು ಎಂಬುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತೇ ಬರುತ್ತಿರಲಿಲ್ಲ. ಎಲ್ಲ ಸೇರಿತ್ತು, ನಡುಮನೆಗೆ ಹಾಕುವ ಉದ್ದದ ತೊಲೆ ಒಂದು ಬಿಟ್ಟು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಂಜನಗೂಡಿನಲ್ಲಿ ಹೊಳೆಯ ಕಡೆಯ ಬೀದಿಯಲ್ಲಿ ಒಂದು ತೊಟ್ಟಿಮನೆ ಇಳಿಸಲು ಒಪ್ಪಿಕೊಂಡೆವು. ಮನೆಯೊಡೆಯರು ಜವಳಿ ವ್ಯಾಪಾರದ ಸಾವ್ಕಾರರು. ಅದರ ನಡುಮನೆಯಲ್ಲಿತ್ತು ಆ ತೊಲೆ. ತೇಗವೇನಲ್ಲ, ಮತ್ತಿ. ಆದರೆ ಒಂದೇ ಮರದ್ದು, ನೆಟ್ಟಗೆ, ಎಲ್ಲೂ ಗಂಟಿಲ್ಲ. ಮಾದಯ್ಯ ಏಣಿ ಹತ್ತಿ ಅದನ್ನು ಉದ್ದಕ್ಕೂ ಸವರಿದ, ಗುದ್ದಲಿ ಕಾವಿನಿಂದ ತಟ್ಟಿದ. ಖಣ್ಣೆಂದಿತು.

"ಅಣ್ಣಾ, ಇದು ನಂದು. ಈ ಸಲ ನಂಗೆ ಕೂಲಿ ಬ್ಯಾಡ."

ನಮ್ಮವರು ನಕ್ಕು ಒಪ್ಪಿಕೊಂಡರು.

ಹಳೆ ಸಾಮಾನಿನಲ್ಲಿ ಮನೆ ಕಟ್ಟುವವರಿಗೆ ಒಂದು ದಾರಿ ಇದೆ. ಮನೆಯ ಅಳತೆ ಹಾಕಿ ಮರ ಹುಡುಕುವ ಹಾಗಿಲ್ಲ, ಸಿಕ್ಕ ಮರದ ಅಳತೆಗೆ ಮನೆ ಹಾಕಬೇಕು. ಮಾದಯ್ಯ ಹಗ್ಗ ಹಿಡಿದು ತೊಲೆಯ ಉದ್ದ ಅಳೆದ. ಕಾಣುವುದನ್ನು ಅಳೆದು, ಎರಡೂ ಕಡೆ ಗೋಡೆಯೊಳಗೆ ಹೂತಿದ್ದುದನ್ನೂ ಲೆಕ್ಕಕ್ಕೆ ಸೇರಿಸಿ ಹಗ್ಗಕ್ಕೆ ಗಂಟು ಹಾಕಿದ. ಯುಗಾದಿಗೆ ಊರಿಗೆ ಹೋದವನು ಗುಡಿಸಲು ಬಿಚ್ಚಿ ಅದೇ ಜಾಗದಲ್ಲಿ ಆ ಹಗ್ಗದ ಅಳತೆಗೆ ಕಲ್ಲಿನ ಪಾಯ ಹಾಕಿಸಿಯೇ ಬಂದ. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಗರಿಯ ಚಪ್ಪರದ ಕೆಳಗೆ ಕೂರಿಸಿ ಬಂದಿದ್ದ. ತೊಲೆ ಇನ್ನೂ ಸಾವ್ಕಾರರ ಗೋಡೆಯಲ್ಲೇ ಇತ್ತು.

"ಅಷ್ಟು ಆತುರ ಯಾಕೋ ಮಾದಯ್ಯ?" ಎಂದೆ.

"ಮುಂಗಾರು ಇಡ್ಕಳಕ್ ಮುಂಚೆ ಎಂಚು ಏರ್ಬೇಕು ಕನಕ್ಕ. ಎಣ್ಮಕ್ಳು ಅವೆ, ಚಪ್ರದಲ್ಲಿ ಎಷ್ಟ್ ದಿನ ಮಡುಗನ?"

ಸಾವ್ಕಾರರದೂ ಆತುರವೇ. ಆಗಷ್ಟೇ ನಮ್ಮ ಕಡೆ ಜೆಸಿಬಿ ಓಡಾಡಲು ಶುರುವಾಗಿತ್ತು. "ನಿಮ್ಮ ಈ ನಾಜೂಕು ಯಾರಿಗೆ ಬೇಕು ಶಿವಣ್ಣ? ಜೆಸಿಬಿ ತಂದರೆ ಒಂದು ಬೆಳಿಗ್ಗೆಗೆ ನೆಲ ಸಮ" ಎಂದು ದಿನಾ ಬಂದು ನಿಂತು ಚುಚ್ಚುತ್ತಿದ್ದರು. ಜೆಸಿಬಿ ಬಂದರೆ ಮರವೆಲ್ಲ ಸೌದೆ, ಹೆಂಚೆಲ್ಲ ಚೂರು. ನಮ್ಮವರು ಹಗಲಿಡೀ ಓಡಾಡಿ ಹೆಂಚು, ಜಂತೆ ಎಲ್ಲ ಇಳಿಸಿದರು. ಗೋಡೆಗಳ ನೆತ್ತಿ ಬೋಳಾಯಿತು. ಅಷ್ಟರಲ್ಲಿ ಅಶ್ವಿನಿ ಮಳೆ ಸುರಿಯಿತು.

ಮಾರನೆಯ ದಿನ ಬೆಳಿಗ್ಗೆ ಆಳುಗಳಿಗೆ ತಿಂಡಿ ತೆಗೆದುಕೊಂಡು ನಾನೇ ಹೋಗಿದ್ದೆ. ಮಣ್ಣಿನ ಗೋಡೆ ನೀರು ಕುಡಿದು ಕಪ್ಪಗಾಗಿತ್ತು. ತೊಲೆಯ ಒಂದು ತುದಿಯನ್ನು ಹಿಂದಿನ ದಿನವೇ ಬಿಡಿಸಿ ಅಡ್ಡಗಳಕ್ಕೆ ಕಟ್ಟಿದ್ದರು. ಇನ್ನೊಂದು ತುದಿ ಗೋಡೆಯೊಳಗೆ ಭದ್ರವಾಗಿ ಕೂತಿತ್ತು. ನಮ್ಮವರು ಗರಗಸ ತರಿಸಿದರು.

"ಗೋಡೆ ಮಗ್ಗುಲಿಗೇ ಕುಯ್ದು ಇಳಿಸಿಬಿಡೋಣ ಮಾದಯ್ಯ. ಈ ಗೋಡೆ ಹತ್ತಿರ ನಿಲ್ಲೋದು ಬೇಡ."

"ಒಂದ್ ಮೊಳ ಒಳಗದೆ ಕನಣ್ಣ. ಕುಯ್ದ್ರೆ ನನ್ ಪಾಯಕ್ಕೆ ಸಾಲ್ದು."

"ಇನ್ನೊಂದು ತೊಲೆ ನೋಡಿಕೊಡ್ತೀನಿ ಕಣೋ."

"ಇಷ್ಟುದ್ದದ್ದು ಎಲ್ ಕೊಟ್ಟೀರಿ? ಅದೂ ಒಂದೇ ಮರದ್ದು! ಗರಗಸ ಮಡಿಗಿ ಅತ್ಲಾಗೆ. ಒಂದ್ ಗಳ್ಗೆ, ನಾನ್ ಬುಡಿಸ್ತೀನಿ."

ಬೇರೆ ಯಾರೇ ಆಗಿದ್ದರೂ ಕುಯ್ದು ಬಿಸಾಡಿ ಮನೆಗೆ ಹೋಗುತ್ತಿದ್ದರು. ಒಂದು ಮರ ಅಖಂಡವಾಗಿ ಉಳಿಯಬೇಕೆಂದು ಒದ್ದೆ ಗೋಡೆಯ ಮಗ್ಗುಲಲ್ಲಿ ನಿಲ್ಲುವುದು ನಮ್ಮಂಥ ಕಸುಬಿನವರಿಗೇ ಬರುವ ಬುದ್ಧಿ. ಮಾದಯ್ಯ ಸಾರುವೆ ಹತ್ತಿ ನಿಂತು ಹಾರೆಯಿಂದ ತೊಲೆಯ ಸುತ್ತ ಮಣ್ಣು ಕೆದಕತೊಡಗಿದ. ಉಳಿದವರು ಹಗ್ಗ ಹಿಡಿದು ನಿಂತರು. ನಾನು ತಟ್ಟೆಗೆ ಚಿತ್ರಾನ್ನ ಹಾಕುತ್ತಿದ್ದೆ. ಗೋಡೆ ಬುಡದಲ್ಲಿ ಹೊಟ್ಟೆ ಬಿಟ್ಟದ್ದನ್ನು ಯಾರೂ ನೋಡಲಿಲ್ಲ. ದೊಡ್ಡ ಸದ್ದೂ ಆಗಲಿಲ್ಲ, ಒದ್ದೆ ಮಣ್ಣು ಕುಸಿದರೆ ಸದ್ದಾಗುವುದಿಲ್ಲ. ತಿರುಗಿ ನೋಡಿದಾಗ ಗೋಡೆ ಇರಲಿಲ್ಲ, ಸಾರುವೆ ಇರಲಿಲ್ಲ, ಮಣ್ಣಿನ ಗುಡ್ಡೆಯ ಮೇಲೆ ತೊಲೆ ಅಡ್ಡ ಬಿದ್ದಿತ್ತು. ಕೈಯಿಂದಲೇ ತೋಡಿದೆವು. ತೊಲೆ ಅವನ ಎದೆಯ ಮೇಲೇ ಬಿದ್ದಿತ್ತು.

ಪೊಲೀಸರು ಬಂದು ಬರೆದುಕೊಂಡು ಹೋದರು. ಸಾವ್ಕಾರರು ಮಣ್ಣು ಮಾಡುವ ಖರ್ಚಿಗೆ ಕೊಟ್ಟು ಕೈ ತೊಳೆದುಕೊಂಡರು. ಹೆಣ ಸಾಗಿಸಿದ್ದು ನಾವು ಸಾಮಾನು ಸಾಗಿಸುತ್ತಿದ್ದ ಟೆಂಪೋದಲ್ಲೇ. ಅವನ ಪಾಯದ ಪಕ್ಕದಲ್ಲೇ ಅವನನ್ನು ಇಳಿಸಿದೆವು. ಪುಟ್ಟತಾಯಿ ಎದೆ ಬಡಿದುಕೊಳ್ಳಲಿಲ್ಲ. ಚಪ್ಪರದ ಗಳ ಹಿಡಿದುಕೊಂಡು ನಿಂತೇ ಇದ್ದಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ತೊಲೆ ಡಿಪೋಗೆ ಬಂದು ಬೇಲಿಯ ಮಗ್ಗುಲಲ್ಲಿ ಬಿದ್ದುಕೊಂಡಿತು. ಸುದ್ದಿ ಊರೆಲ್ಲ ಹರಡಿತ್ತು. ಆ ತೊಟ್ಟಿಮನೆಯಿಂದ ಬಂದ ಒಂದು ರೀಪನ್ನೂ ಯಾರೂ ಮುಟ್ಟಲಿಲ್ಲ. ಬಂದವರು ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನು ಈಗ ಬಾಗಿಲಲ್ಲೇ ನಿಂತು ಕೇಳಿ ಹಾಗೇ ಹಿಂತಿರುಗುತ್ತಿದ್ದರು. ಸಾವ್ಕಾರರು ಆಳು ಕಳಿಸಿದರು. "ಆ ತೊಲೆ ಯಾರ ಮನೆಗೂ ಏರಕೂಡದಂತೆ. ಹೊಳೆಗೆ ಬಿಡಬೇಕಂತೆ, ಇಲ್ಲಾಂದ್ರೆ ದೋಷ ಅವರಿಗೂ ತಗಲುತ್ತಂತೆ." ಅವಸರ ಮಾಡಿದಾಗ ತಗಲದ ದೋಷ ಈಗೆಲ್ಲಿಂದ ಬಂತು ಎಂದು ಆ ಆಳಿನ ಮೇಲೇ ಹರಿಹಾಯ್ದೆ. ಅವನು ತಲೆ ತಗ್ಗಿಸಿ ಹೋದ. ನಮ್ಮವರಿಗೂ ಆ ತೊಲೆಯನ್ನು ಇಟ್ಟಿಗೆ ಗೂಡಿಗೆ ಸೌದೆಯಾಗಿ ಕಳಿಸಿಬಿಡುವ ಮನಸ್ಸು. ರಾತ್ರಿ ಊಟ ಬಿಟ್ಟಿದ್ದರು, ಗರಗಸ ಕೈಯಲ್ಲಿದ್ದೂ ಕುಯ್ಯಲಿಲ್ಲವಲ್ಲ ಎಂಬ ಕೊರಗು.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಪುಟ್ಟತಾಯಿ ಬಂದಳು. ಒಬ್ಬಳೇ, ನರಸೀಪುರದಲ್ಲಿ ಬಸ್ಸು ಬದಲಿಸಿ. ನೀರು ಕೊಟ್ಟೆ, ಕುಡಿದಳು. ಸುತ್ತ ನೋಡಿ ಕೇಳಿದಳು.

"ಆ ತೊಲೆ ಎಲ್ಲದೆ ಅಕ್ಕ?"

ನಮ್ಮವರು ಎದ್ದು ಬಂದರು. "ಅದು ಬೇಡ ಕಣಮ್ಮ. ಬೇರೆ ತೊಲೆ ಕೊಡ್ತೀನಿ, ಒಳ್ಳೇದು ಕೊಡ್ತೀನಿ, ನಾನೇ ತಂದು ಏರಿಸ್ತೀನಿ."

"ಅಷ್ಟುದ್ದದ್ದು ಅದಾ?"

ಇರಲಿಲ್ಲ. 

"ಪಾಯ ಅದ್ಕೇ ಅಂತ ಆಕೌರೆ ಅಣ್ಣ. ಇನ್ನೊಂದ್ ಪಾಯ ಆಕಕ್ಕೆ ನಂಗೆ ಯಾರವ್ರೆ?"

"ಜನ ಏನಂತಾರೆ ಪುಟ್ಟತಾಯಿ? ಸೂತಕದ ಮರ ಅದು" ಎಂದೆ ನಾನು. ಹೇಳುವಾಗಲೇ ನನ್ನ ಮಾತು ನನಗೇ ಅಸಹ್ಯವಾಯಿತು.

"ನನ್ ಗಂಡನ್ನ ತಿಂದಾಯ್ತಲ್ಲಕ್ಕ. ಇನ್ನೇನ್ ತಿಂದದು ಅದು? ಆವಯ್ಯ ಕೂಲಿ ಬುಟ್ಟು ತಕ್ಕಂಡ ತೊಲೆ. ಅದ್ರ ಕೆಳಗೇ ನನ್ ಮಕ್ಳು ಮನಿಕಳ್ಲಿ. ಆದ್ರೆ ನಮ್ಮೂರಲ್ಲಿ ಯಾರ್ಗೂ ಏಳ್ಬೇಡಿ, ಇದು ಅದೇ ತೊಲೆ ಅಂತ. ಗೊತ್ತಾದ್ರೆ ನಾಳೆ ಈ ಎಣ್ಮಕ್ಳ ಯಾರೂ ತಕಳಕಿಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆವು, ಆಳುಗಳಿಂದಲೂ ಮಾತು ತೆಗೆದುಕೊಂಡೆವು. ಟೆಂಪೋಗೆ ಹೇಳಿದೆವು. ಏರಿಸುವ ಮೊದಲು ತುದಿಗಳನ್ನು ಹಸನು ಮಾಡಿಕೊಡಲಿ ಎಂದು ನಮ್ಮ ಬಡಗಿ ವೀರಾಚಾರಿಯನ್ನೂ ಕರೆಸಿದೆವು. ಅವರು ಬಾಚಿ ತೆಗೆದುಕೊಂಡು ಒಂದು ತುದಿ ಕೆತ್ತಿದರು. ಗಟ್ಟಿಯಾಗಿತ್ತು, ಕೆಂಪು ಕಾಣಿಸಿತು. ಇನ್ನೊಂದು ತುದಿಗೆ ಬಂದರು. ಅದು ಮಾದಯ್ಯ ಬಿಡಿಸುತ್ತಿದ್ದ ತುದಿ. ಗೋಡೆಯ ಮಣ್ಣು ಇನ್ನೂ ಅಂಟಿಕೊಂಡೇ ಇತ್ತು. ಎಲ್ಲಿಯವರೆಗೆ ಗೋಡೆಯೊಳಗಿತ್ತು ಎನ್ನುವುದಕ್ಕೆ ಸುಣ್ಣದ ಗೆರೆ ಮರದ ಮೇಲೆ ಸ್ಪಷ್ಟವಾಗಿತ್ತು. ಆಚಾರಿ ಬಾಚಿಯ ಹಿಂಭಾಗದಿಂದ ಮಣ್ಣು ಉದುರಿಸಿದರು. ಮಣ್ಣಿನ ಜೊತೆ ಮರವೂ ಉದುರಿತು.

ಅವರು ಉಳಿ ತೆಗೆದು ಒತ್ತಿದರು. ಸುತ್ತಿಗೆಯೂ ಬೇಕಾಗಲಿಲ್ಲ, ಉಳಿ ಹಿಡಿಯವರೆಗೂ ಒಳಗೆ ಹೋಯಿತು. ಗೋಡೆಯೊಳಗೆ ಇದ್ದಷ್ಟು ಉದ್ದವನ್ನೂ ಗೆದ್ದಲು ತಿಂದು ಮುಗಿಸಿತ್ತು. ಹೊರಗೆ ಸಿಪ್ಪೆ, ಒಳಗೆ ಬರೀ ಮಣ್ಣು. ಸುಣ್ಣದ ಗೆರೆಯಿಂದ ಈಚೆಗೆ ಮರ ಕಬ್ಬಿಣದ ಹಾಗಿತ್ತು.

ಆಚಾರಿ ನಮ್ಮವರ ಮುಖ ನೋಡಿದರು. ನಮ್ಮವರು ಬೇಲಿಯ ಕಡೆ ತಿರುಗಿ ನಿಂತರು. ಪುಟ್ಟತಾಯಿ ಹತ್ತಿರ ಬಂದು ಆ ತೂತಿಗೆ ಬೆರಳು ಹಾಕಿ ನೋಡಿದಳು.

"ಇದ ಕುಯ್ದಾಕ್ಬೇಕಾ ಆಚಾರಪ್ಪ?"

"ಕುಯ್ಯಲೇಬೇಕು ಕಣಮ್ಮ. ಇದು ಭಾರ ತಡೆಯಲ್ಲ."

"ಎಲ್ಲಿಗೆ?"

ಆಚಾರಿ ಸುಣ್ಣದ ಗೆರೆ ತೋರಿಸಿದರು. ಅವಳು ಆ ಗೆರೆಯ ಮೇಲೆ ಬೆರಳೆಳೆದಳು. ಅವತ್ತು ಆಳುಗಳು ಹೆಣದ ಜೊತೆ ಹೋದಾಗ ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದರು.

"ಅಣ್ಣ ಅವತ್ತು ಗರಗಸ ಇಡ್ಕಂಡು ಕುಯ್ತೀನಿ ಅಂದುದ್ದು ಇಲ್ಲಿಗೇಯಾ ಅಕ್ಕ?"

ಸುಳ್ಳು ಹೇಳಬಹುದಿತ್ತು. ದಿನಕ್ಕೆ ಹತ್ತು ಸಲ ಇಲ್ಲ ಎಂದು ಹೇಳಿ ವ್ಯಾಪಾರ ಮಾಡಿದ ಬಾಯಿ ಇದು. ಅವಳ ಮುಂದೆ ಮಾತ್ರ ಆಗಲಿಲ್ಲ. "ಹೂಂ ಪುಟ್ಟತಾಯಿ, ಇಲ್ಲಿಗೇ" ಎಂದೆ.

ಅವಳು ತೊಲೆಯ ಪಕ್ಕ ನೆಲದ ಮೇಲೆ ಕೂತಳು. ಆಗ ಅತ್ತಳು. ಸತ್ತ ದಿನ ಬಾರದ ಅಳುವೆಲ್ಲ ಅವತ್ತು ಬಂತು. "ಇಂಥ ಟೊಳ್ಳು ಮರಕ್ಕೋಸ್ಕರ ಓದ್ಯಲ್ಲ, ಇಂಥ ಮಣ್ಣಿಗೋಸ್ಕರ ಓದ್ಯಲ್ಲ" ಎಂದು ಅವನನ್ನು ಬೈದಳು. ಬಾಯಿಗೆ ಬಂದ ಹಾಗೆ ಬೈದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಮನೆಗಾಗಿ ಸತ್ತ ಎಂದುಕೊಂಡರೆ ಒಂದಿಷ್ಟು ತಡೆದುಕೊಳ್ಳಬಹುದು. ಗೆದ್ದಲ ಮಣ್ಣಿಗಾಗಿ ಸತ್ತ ಎಂದು ತಿಳಿದ ಮೇಲೆ ಏನು ಹೇಳುವುದು? 

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಯ್ಯಿ ಆಚಾರಪ್ಪ" ಎಂದಳು.

ಆಮೇಲೆ ನಡೆದದ್ದು ಬೇಗ ಬೇಗ ನಡೆಯಿತು. ನಮ್ಮವರು ಡಿಪೋ ನನ್ನ ತಲೆಗೆ ಹಾಕಿ ಆಳುಗಳ ಜೊತೆ ಅವಳ ಊರಿನಲ್ಲೇ ನಿಂತರು. ಮಾದಯ್ಯ ಕೂಡಿಟ್ಟಿದ್ದ ಸಾಮಾನೆಲ್ಲ ಗರಿಯ ಕೆಳಗಿಂದ ಹೊರಬಂತು. ಮೂರು ಗೋಡೆ ಪಾಯದ ಮೇಲೆ ಸರಿಯಾಗಿ ಎದ್ದವು. ನಾಲ್ಕನೆಯದನ್ನು ಪಾಯದ ಮೇಲೆ ಎಬ್ಬಿಸಿದರೆ ತೊಲೆ ಮುಟ್ಟುತ್ತಿರಲಿಲ್ಲ, ಒಂದು ಮೊಳ ಒಳಕ್ಕೆ ಬೇರೆ ಕಲ್ಲು ಕೂರಿಸಿ ಎಬ್ಬಿಸಬೇಕಾಯಿತು. ತೊಲೆ ಎತ್ತಿದವರು ಅವತ್ತು ಹಗ್ಗ ಹಿಡಿದಿದ್ದ ಅದೇ ಆಳುಗಳು.  ರೋಹಿಣಿ ಮಳೆ ಎರಡು ಸಲ ಚಪ್ಪರ ತೋಯಿಸಿ ಹೋಯಿತು, ಚಿಕ್ಕ ಹುಡುಗಿಗೆ ಜ್ವರ ಬಂತು. ಮೃಗಶಿರ ಹಿಡಿಯುವ ಹೊತ್ತಿಗೆ ಹೆಂಚು ಏರಿತು.

ಮನೆ ಒಕ್ಕಲಿನ ದಿನ ನಾವು ಹೋದೆವು, ವೀರಾಚಾರಿಯೂ ಬಂದಿದ್ದರು. ಮೋಡ ಕವಿದು ಕಪ್ಪಿಟ್ಟಿತ್ತು. ಒಳಗೆ ಹಸಿ ಮಣ್ಣಿನ, ಸುಣ್ಣದ ವಾಸನೆ. ತೊಲೆಗೆ ಅರಿಸಿನ ಬಳಿದು ಮಾವಿನ ಸೊಪ್ಪು ಕಟ್ಟಿದ್ದಳು. ನಾನು ಅದರ ಕೆಳಗೇ ಕೂತೆ. ಊರಿನವರು ಬಂದು ಒಳಗೆ ಹೋಗಿ ಹೊರಗೆ ಬಂದು ನೋಡುತ್ತಿದ್ದರು. ಗೋಡೆಯ ಆಚೆಗೆ ಪಾಯದ ಕಲ್ಲು ಒಂದು ಮೊಳ ಅಗಲಕ್ಕೆ ಉದ್ದಕ್ಕೂ ಹಾಗೇ ಚಾಚಿಕೊಂಡಿತ್ತು. ಮೊದಲ ಪಂಕ್ತಿಗೆ ಕೂತಾಗ ನಮ್ಮ ಎದುರಿಗೆ ಕೂತಿದ್ದ ಅವರ ಬೀದಿಯ ಹಿರಿಯನೊಬ್ಬ ಕೇಳಿದ.

"ಅಲ್ಲ ಕನವ್ವ, ಅದ್ಯಾಕೆ ಪಾಯ ಈಚೆಗೆ ಬಂದ್ಬುಟ್ಟದೆ? ಜಗುಲಿಯಾ? ಕುಂತ್ಕಳಕ್ಕೂ ಸಾಲ್ದಲ್ಲ."

ಪುಟ್ಟತಾಯಿ ಪಾಯಸದ ಪಾತ್ರೆ ಹಿಡಿದು ಬಗ್ಗಿದ್ದಳು. ಬಗ್ಗಿದ್ದಲ್ಲಿಂದಲೇ ಹೇಳಿದಳು.

"ಜಗುಲಿ ಅಲ್ಲ ಕನಪ್ಪ. ನಮ್ಮೆಜಮಾನ್ರು ಅಳತೆ ತಪ್ಪುದ್ರು."

"ಮಾದಯ್ಯ ಯಾವತ್ತಿದ್ರೂ ಆತ್ರಗಾರನೇ ಬುಡು" ಎಂದು ಆ ಹಿರಿಯ ನಕ್ಕ. ಪಂಕ್ತಿಯಲ್ಲಿ ಇನ್ನೂ ಇಬ್ಬರು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟ ಮಾತು ಮರೆತು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟತಾಯಿ ನನ್ನ ಎಲೆಯ ಮುಂದೆ ಬಂದು ನಿಂತಿದ್ದಳು. "ಉಣ್ಣಿ ಅಕ್ಕ" ಎಂದಳು.

ಮಾದಯ್ಯನ ಅಳತೆ ಒಂದು ಬೆರಳೂ ತಪ್ಪಿರಲಿಲ್ಲ. ಅದನ್ನು ಬಲ್ಲವರು ಆ ಪಂಕ್ತಿಯಲ್ಲಿ ನಾವು ಮೂವರು ಇದ್ದೆವು, ತಲೆ ಎತ್ತದೆ ಉಂಡೆವು. ನಾಲ್ಕನೆಯವಳು ಬಡಿಸುತ್ತಿದ್ದಳು.